ಒದ್ದೆ ಜಡೆಯ ನೆರಳು

ಈ ಬರಹವನ್ನು ಒಮ್ಮೆ ಬರೆದು ಮುಗಿಸಿದ್ದೆ. ಅದರಲ್ಲಿ ನಾನು ತುಂಬ ಒಳ್ಳೆಯವಳಾಗಿದ್ದೆ. ಕೊಪ್ಪದ ನನ್ನ ಎಕ್ಸ್‌ರೇ ಕೊಠಡಿಯಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಟೆಕ್ನಿಶಿಯನ್ ಆಗಿದ್ದ ಶೇಷಪ್ಪನವರನ್ನು ಮನೆಗೆ ಕರೆದು ಓದಿ ಹೇಳಿದೆ. ಅವರು ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, "ಚೆನ್ನಾಗಿದೆ ಮೇಡಮ್. ಇದು ಯಾರ ಕಥೆ?" ಎಂದರು.

ಆ ಪ್ರತಿಯನ್ನು ಹರಿದಿಲ್ಲ, ಪಕ್ಕಕ್ಕಿಟ್ಟಿದ್ದೇನೆ. ಇದು ಎರಡನೆಯದು. ಶೇಷಪ್ಪ ಒಪ್ಪದ ಕಡೆ ಅವರ ಮಾತನ್ನೂ ಸೇರಿಸಿದ್ದೇನೆ. ಯಾರದು ಸರಿ ಎಂದು ಎಲ್ಲ ಕಡೆ ನನಗೆ ಗೊತ್ತಿಲ್ಲ. ರೇಡಿಯಾಲಜಿ ಓದಿ ಮುಗಿಸಿ ಸಣ್ಣ ಊರಿಗೆ ಹೊರಟಿರುವ ಹುಡುಗ ಹುಡುಗಿಯರು ಓದಲಿ ಎಂದು ಬರೆದದ್ದು. ಸನ್ಮಾನ, ಹುದ್ದೆಗಳ ವಿಷಯ ಇದರಲ್ಲಿಲ್ಲ. ಹೊದಿಸಿದ ಶಾಲುಗಳೇನೋ ಇವೆ, ಚಳಿಗಾಲದಲ್ಲಿ ಬಳಸುತ್ತೇನೆ.

ವಾರದಲ್ಲಿ ನಾಲ್ಕು ದಿನ ಕೊಪ್ಪ, ಒಂದು ದಿನ ಶೃಂಗೇರಿ, ಒಂದು ದಿನ ನರಸಿಂಹರಾಜಪುರ. ಎಕ್ಸ್‌ರೇ ಯಂತ್ರ ಇದ್ದದ್ದು ಕೊಪ್ಪದಲ್ಲಿ. ಉಳಿದೆರಡು ಊರಲ್ಲಿ ಬಾಡಿಗೆ ಕೋಣೆ ಹಿಡಿದು ಸ್ಕ್ಯಾನಿಂಗ್ ಮಾಡುತ್ತಿದ್ದೆ. ಅಲ್ಲಿಗೆ ಬಸುರಿಯರ ಜೊತೆ ಅಜ್ಜಿಯರು ಬರುತ್ತಿದ್ದರು. ಗಂಡೋ ಹೆಣ್ಣೋ ಎಂದು ಕೇಳುವ ಹಾಗಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಅದಕ್ಕೆ ಅವರು ಸುತ್ತಿ ಬಳಸಿ ಕೇಳುತ್ತಿದ್ದರು. "ಡಾಕ್ಟ್ರಮ್ಮ, ಹೆಸರು ಯಾರದ್ದು ಇಡೋದು, ಅಜ್ಜಂದಾ ಅಜ್ಜೀದಾ?" "ಎರಡೂ ಯೋಚನೆ ಮಾಡಿ ಇಟ್ಕೊಳ್ಳಿ ಅಜ್ಜಿ." "ಹುಷಾರಿದೀರಿ ನೀವು," ಎಂದು ಎದ್ದು ಹೋಗುತ್ತಿದ್ದರು.

ಆಗ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ಔಷಧದ ನೀರಿಗೆ ಅದ್ದಿ, ತೊಳೆದು, ಕ್ಲಿಪ್ಪು ಹಾಕಿ ನೇತುಹಾಕಿ ಒಣಗಿಸಬೇಕಿತ್ತು. ಆಷಾಢದಲ್ಲಿ ಯಾವುದು ಒಣಗುತ್ತದೆ? ಊರಿಗೆ ಹೋಗುವ ಬಸ್ಸು ಕಾಯುವುದಿಲ್ಲ. ಜನ ಹಸಿ ಫಿಲ್ಮನ್ನೇ ತೆಗೆದುಕೊಂಡು ಹೋಗಿ ಬಸ್ಸಿನ ಕಂಬಿಗೆ ಸಿಕ್ಕಿಸುತ್ತಿದ್ದರು. ಒಬ್ಬರ ಪಕ್ಕೆಲುಬು, ಇನ್ನೊಬ್ಬರ ಮಂಡಿ ದಾರಿಯುದ್ದಕ್ಕೂ ಅಲ್ಲಾಡುತ್ತ ಹೋಗುತ್ತಿದ್ದವು. "ಈ ಮಂಡಿ ಯಾರದ್ದು ಮಾರಾಯ್ರೆ, ಸ್ಟಾಪ್ ಬಂತು!" ಎಂದು ಒಬ್ಬ ಕಂಡಕ್ಟರ್ ಕೂಗಿದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಎಷ್ಟೋ ಸಭೆಗಳಲ್ಲಿ ಹೇಳಿ ನಗಿಸಿದ್ದೇನೆ. ಆ ಬಸ್ಸಿನಲ್ಲಿ ನಾನಿರಲಿಲ್ಲವಂತೆ. ಶೇಷಪ್ಪ ಇದ್ದರಂತೆ, ಮರುದಿನ ಬಂದು ನನಗೆ ಹೇಳಿದರಂತೆ. ಆದರೆ ಆ ಕಂಡಕ್ಟರನ ಮೀಸೆ ಕೂಡ ನನಗೆ ನೆನಪಿದೆ. ಇಂಥ ನೆನಪಿನ ಆಧಾರದ ಮೇಲೆ ಮುಂದಿನದನ್ನು ಹೇಳುತ್ತಿದ್ದೇನೆ, ಹುಷಾರಾಗಿ ಓದಿ.

ನನಗೆ ಫಿಲ್ಮ್ ಓದಲು ಕಲಿಸಿದ ದೊಡ್ಡ ಡಾಕ್ಟರು ಶಿಸ್ತಿನ ಮನುಷ್ಯ. ಫಿಲ್ಮಿನ ಮೇಲಿನ ಹೆಸರಿಗೆ ಕಪ್ಪು ಟೇಪು ಅಂಟಿಸಿ ಕೊಡುತ್ತಿದ್ದರು. "ರೋಗಿಯನ್ನ ನೋಡ್ಬೇಡ. ನೋಡಿದ್ರೆ ಕಥೆ ಹೇಳ್ತಾನೆ. ಕಥೆ ಕೇಳಿದ ಮೇಲೆ ನೀನು ಫಿಲ್ಮ್ ಓದಲ್ಲ, ಆ ಕಥೆ ಓದ್ತೀಯ." ಅವರು ಹೇಳಿದ್ದು ಸುಳ್ಳಲ್ಲ. ಕೆಮ್ಮಿನ ಕಥೆ ಕೇಳಿದ ಕಣ್ಣಿಗೆ ಎಲ್ಲ ಎದೆಯಲ್ಲೂ ಮಚ್ಚೆ ಕಾಣುತ್ತದೆ. ಆ ಪದ್ಧತಿಯನ್ನೇ ನಾನು ಕೊಪ್ಪಕ್ಕೆ ತಂದೆ. ಹೊರಗೆ ಬೆಂಚಿನ ಮೇಲೆ ರೋಗಿಗಳು, ಶೇಷಪ್ಪ, ಆಯಾ ಗಿರಿಜಮ್ಮ. ಒಳಗೆ ಲೈಟಿನ ಪೆಟ್ಟಿಗೆಯ ಮುಂದೆ ನಾನು. ಮುಖ ನೋಡದೆ ಓದುತ್ತೇನೆ ಎಂಬುದು ನನ್ನ ಜಂಬವಾಗಿತ್ತು.

ಒಂದು ಸಲ ಮೇಗುಂದದ ಕಡೆಯಿಂದ ಮಂಜಪ್ಪ ಎಂಬವರು ಬಂದರು. ಅಡಿಕೆ ಗೊನೆ ತೆಗೆಯಲು ಮರ ಹತ್ತುವವರು, ಮರದಿಂದ ಬಿದ್ದಿದ್ದರು. ಚೀಟಿಯಲ್ಲಿ 'ಬಲ ಹಿಮ್ಮಡಿ' ಎಂದಿತ್ತು. ಫಿಲ್ಮ್ ಬಂತು, ಹಿಮ್ಮಡಿ ಮುರಿದಿತ್ತು, ಹಾಗೆಂದು ಬರೆದೆ. ಶೇಷಪ್ಪ ಬಾಗಿಲಲ್ಲಿ ತಲೆ ಹಾಕಿ, "ಮೇಡಮ್, ಈ ಮನುಷ್ಯ ಬೆಂಚಿನ ಮೇಲೆ ಕೂತೇ ಇಲ್ಲ. ಬಂದಾಗಿನಿಂದ ಗೋಡೆ ಹಿಡ್ಕೊಂಡು ಒಂದೇ ಕಾಲಲ್ಲಿ ನಿಂತಿದ್ದಾರೆ," ಎಂದರು.

ಎದ್ದು ಹೊರಗೆ ಹೋದೆ. "ಎಂತಕ್ಕೆ ಕೂತ್ಕೊಳ್ಳಲ್ಲ?"

"ಕೂತ್ರೆ ಏಳೋಕಾಗಲ್ಲ ಡಾಕ್ಟ್ರಮ್ಮ."

"ಸೊಂಟ ನೋವಾ?"

"ಸೊಂಟದ್ದು ಬಿಡಿ, ಅದು ಮೊದ್ಲಿಂದ ಇದ್ದಿದ್ದೇ. ಈಗ ಪೆಟ್ಟಾಗಿದ್ದು ಕಾಲಿಗೆ."

ಬಲವಂತ ಮಾಡಿ ಸೊಂಟದ ಫಿಲ್ಮ್ ತೆಗೆಸಿದೆ. ಬೆನ್ನುಮೂಳೆಯ ಒಂದು ತುಂಡು ಜಜ್ಜಿಹೋಗಿತ್ತು. ಕಾಲಿನ ಮೇಲೆ ಬಿದ್ದವನ ಪೆಟ್ಟು ಮೇಲಕ್ಕೆ ಹತ್ತಿ ಸೊಂಟದಲ್ಲಿ ನಿಲ್ಲುತ್ತದೆ. ಅವರನ್ನು ಹಲಗೆಯ ಮೇಲೆ ಮಲಗಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಈಗಲೂ ನಡೆದಾಡುತ್ತಾರೆ. ಮರ ಮಾತ್ರ ಹತ್ತುವುದಿಲ್ಲ, ಕೆಳಗೆ ನಿಂತು ಹತ್ತುವವರಿಗೆ ಬಯ್ಯುತ್ತಾರೆ. ಮರದಿಂದ ಬಿದ್ದವರ ಹಿಮ್ಮಡಿ ಮುರಿದಿದ್ದರೆ ಸೊಂಟ ನೋಡದೆ ಕಳಿಸಬೇಡಿ. ಚೀಟಿಯಲ್ಲಿ ಬರೆದಿರಲಿ, ಬಿಡಲಿ.

ಆ ದಿನದಿಂದ ನಾನು ಕೋಣೆ ಬಿಟ್ಟು ಹೊರಬಂದು ರೋಗಿಗಳನ್ನು ನೋಡಲು ಕಲಿತೆ ಎಂದು ಮೊದಲ ಪ್ರತಿಯಲ್ಲಿ ಬರೆದಿದ್ದೆ. ಶೇಷಪ್ಪ ನನ್ನ ಓದನ್ನು ತಡೆದದ್ದೇ ಅಲ್ಲಿ. "ಎಲ್ಲಿ ಕಲಿತ್ರಿ? ಲಲಿತಾ ಬಂದಿದ್ದು ಇದಾದ ಮೇಲೆ ಅಲ್ವಾ?"

ಹೌದು, ಆಮೇಲೆಯೇ.

ಲಲಿತಾ ಕೆರೆಕಟ್ಟೆಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ತಾಯಿ ಮತ್ತು ಅವಳು ಇಬ್ಬರೇ, ಅವಳಿಗೆ ಬೇರೆ ಕೆಲಸ ಇರಲಿಲ್ಲ. ಮೂರು ವಾರ ಬಿಡದ ಕೆಮ್ಮು. ಶೃಂಗೇರಿಯ ವೈದ್ಯರೊಬ್ಬರು ಎದೆಯ ಎಕ್ಸ್‌ರೇಗೆ ನನ್ನಲ್ಲಿಗೆ ಕಳಿಸಿದರು. ಹಿಂಗಾರಿನ ಮಳೆಯಲ್ಲಿ ನೆನೆದು ಎರಡು ಬಸ್ಸು ಬದಲಿಸಿ ಬಂದಿದ್ದಳು. ದಪ್ಪ ಜಡೆ. ಎಣ್ಣೆ ಹಚ್ಚಿದ್ದು, ಮೇಲಿಂದ ನೀರು.

ನಮ್ಮಲ್ಲಿ ಒಂದು ಕ್ರಮ ಇತ್ತು. ಹೆಂಗಸರ ಜಡೆಯನ್ನು ಗಿರಿಜಮ್ಮನೇ ಎತ್ತಿ ನೆತ್ತಿಯ ಮೇಲೆ ಕಟ್ಟಬೇಕು. ಶೇಷಪ್ಪ ಮುಟ್ಟುವುದಿಲ್ಲ. ಪರ ಗಂಡಸು ಜಡೆ ಮುಟ್ಟಿದ ಎಂದರೆ ಆ ಹೆಂಗಸು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ದಿನ ಗಿರಿಜಮ್ಮ ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದಳು. ನಾನು ಒಳಗೆ ಹತ್ತು ಹೆಜ್ಜೆ ದೂರದಲ್ಲಿದ್ದೆ. ಹೆಂಗಸು. ನನಗೂ ಆಗ ಸೊಂಟದವರೆಗೆ ಜಡೆ ಇತ್ತು. ನನ್ನನ್ನು ಕರೆಯಬೇಕೆಂದು ಶೇಷಪ್ಪನಿಗೆ ತೋಚಲಿಲ್ಲ, ಕರೆದಿದ್ದರೆ ಹೋಗುತ್ತಿದ್ದೆ ಎಂದು ಹೇಳಲು ನನಗೂ ಧೈರ್ಯವಿಲ್ಲ.

ಅವರು ಮುಖ ತಿರುಗಿಸಿ, "ಜಡೆ ಎತ್ತಿ ಕಟ್ಕೊಳ್ಳಮ್ಮ," ಎಂದರು. ಅವಳು ಕಟ್ಟಿಕೊಂಡಳು. ಗಲ್ಲ ಮೇಲೆತ್ತಿ, ಭುಜ ಮುಂದೆ ಮಾಡಿ, ಉಸಿರು ಹಿಡಿದಾಗ ಒದ್ದೆ ಗಂಟು ಜಾರಿ ಬಲಭುಜದ ಮೇಲೆ ಇಳಿಯಿತು. ಅವಳಿಗೂ ಗೊತ್ತಾಗಲಿಲ್ಲ.

ಎಕ್ಸ್‌ರೇಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪು, ಮೂಳೆ ಬಿಳಿ. ಒದ್ದೆ ಜಡೆ ಇವೆರಡರ ನಡುವೆ, ಬೂದು ಎಳೆಗಳ ಹಾಗೆ ಬೀಳುತ್ತದೆ. ಕ್ಷಯ ಶುರುವಾಗುವುದೂ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ತುದಿಯಲ್ಲೇ, ಕಾಣುವುದೂ ಹೆಚ್ಚುಕಡಿಮೆ ಹಾಗೇ. ಬಲಗಡೆ ಮೇಲ್ಭಾಗದಲ್ಲಿ ಕ್ಷಯ ಎಂದು ಬರೆದೆ.

ಶೃಂಗೇರಿಯ ವೈದ್ಯರು ಫೋನ್ ಮಾಡಿದರು. "ಕಫ ಪರೀಕ್ಷೇಲಿ ಏನೂ ಇಲ್ಲ. ನಿಮ್ಮದು ಗಟ್ಟೀನಾ?"

"ಗಟ್ಟಿ," ಎಂದೆ.

ಒಂದು ಮಾತು. ಅದರ ಮೇಲೆ ಅವಳಿಗೆ ಆರು ತಿಂಗಳು ಮಾತ್ರೆ.

ಅದಕ್ಕೂ ಮೊದಲೇ ಇನ್ನೊಂದು ತಪ್ಪು ಆಗಿತ್ತು. ರಿಪೋರ್ಟ್ ತೆಗೆದುಕೊಳ್ಳಲು ಅವಳು ಬಂದಾಗ ಸಾಮಾನ್ಯವಾಗಿ ಹೊರಗೆ ಬಾರದ ನಾನು ಎದ್ದು ಬಂದೆ. ಒಳ್ಳೆಯ ಮನಸ್ಸಿನಿಂದಲೇ ಬಂದೆ ಎಂದು ಈಗಲೂ ಅನ್ನಿಸುತ್ತದೆ. "ಟಿ.ಬಿ. ಇದೆಯಮ್ಮ, ಹೆದರ್ಬೇಡ, ಗುಣ ಆಗತ್ತೆ, ಬಾಯಿಗೆ ಬಟ್ಟೆ ಕಟ್ಕೋ," ಎಂದೆ. ಕಾರಿಡಾರಿನಲ್ಲಿ, ಬೆಂಚಿನ ತುಂಬ ಜನ ಇರುವಾಗ. ಬೆಂಚಿನ ಮೇಲೆ ಅವಳ ಊರಿನ ಕಡೆಯವರು ಒಬ್ಬರಿದ್ದರು. ಅವಳು ಮುಂದಿನ ಬಸ್ಸಿಗೆ ಹೋದಳು, ಸುದ್ದಿ ಅದಕ್ಕಿಂತ ಮೊದಲಿನ ಬಸ್ಸಿಗೇ ಹೋಗಿತ್ತು.

ಆರು ತಿಂಗಳಾದ ಮೇಲೆ, ಬೇಸಿಗೆಯಲ್ಲಿ, ಮತ್ತೆ ಫಿಲ್ಮ್ ತೆಗೆದೆವು. ಈ ಸಲ ಗಿರಿಜಮ್ಮ ಇದ್ದಳು, ಜಡೆ ನೆತ್ತಿಯ ಮೇಲಿತ್ತು. ಎದೆ ಸ್ವಚ್ಛ. ನನಗಾದ ಸಂತೋಷ ಹೇಳತೀರದು. ಎರಡೂ ಫಿಲ್ಮುಗಳನ್ನು ಅವಳಿಂದ ಕೇಳಿ ಇಟ್ಟುಕೊಂಡು ನರಸಿಂಹರಾಜಪುರಕ್ಕೆ ಒಯ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ಕಾರು ವೈದ್ಯರಿಗೆ ನಾನು ಅಲ್ಲಿ ಬಿಡುವಿನಲ್ಲಿ ಪಾಠ ಹೇಳುತ್ತಿದ್ದೆ. ಹೆಸರು ಮುಚ್ಚಿ ಎರಡನ್ನೂ ಪಕ್ಕಪಕ್ಕ ಇಟ್ಟು, "ಇದು ಮೊದಲು, ಇದು ಆಮೇಲೆ. ಬೇಗ ಹಿಡಿದರೆ ಹೀಗೆ ಮಾಯವಾಗುತ್ತದೆ," ಎಂದೆ.

ರೇಷ್ಮಾ ಎಂಬ ಹುಡುಗಿ, ವೈದ್ಯೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಕೈ ಎತ್ತಿದಳು. "ಮೇಡಮ್, ಈ ಗೆರೆ ಶ್ವಾಸಕೋಶ ದಾಟಿ ಕುತ್ತಿಗೆವರೆಗೂ ಹೋಗಿದೆಯಲ್ಲ. ರೋಗ ಶ್ವಾಸಕೋಶದ ಹೊರಗೆ ಹೀಗೆ ಗೆರೆ ಎಳೆಯುತ್ತಾ?"

ನೋಡಿದೆ. ಹೋಗಿತ್ತು. ಫಿಲ್ಮಿನ ಅಂಚಿನವರೆಗೂ. ಜಡೆಯ ಹೆಣಿಗೆ ಕೂಡ ಕಾಣುತ್ತಿತ್ತು. ಇಷ್ಟು ದಿನ ಅದು ಅಲ್ಲೇ ಇತ್ತು.

ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ ಎಂದು ಮೊದಲ ಪ್ರತಿಯಲ್ಲಿ ಇದೆ. ಇಲ್ಲ. "ಟೀ ಬಂತು, ಕುಡಿಯೋಣ," ಎಂದೆ. ಒಂದು ತಿಂಗಳ ನಂತರ ರೇಷ್ಮಾಗೆ ಕಾಗದ ಬರೆದು ಒಪ್ಪಿಕೊಂಡೆ. ಅದು ಅವಳಲ್ಲಿ ಇನ್ನೂ ಇದೆಯಂತೆ.

ಆ ಪಾಠದ ಮರುದಿನ ಕೊಪ್ಪದಲ್ಲಿ ಶೇಷಪ್ಪನ ಮುಂದೆ ಫಿಲ್ಮ್ ಹಿಡಿದೆ. "ಇದು ಎಂತ?"

"ಜಡೆ," ಎಂದರು, ನೋಡುವ ಮೊದಲೇ.

"ಗೊತ್ತಿತ್ತಾ ನಿಮಗೆ?"

"ತೊಳೆಯುವಾಗಲೇ ಹೇಳಿದ್ದೆನಲ್ಲ."

"ನನಗಾ?"

"ಮತ್ತೆ ಯಾರಿಗೆ, ಗೋಡೆಗಾ? ಜಡೆ ಇಳಿದ ಹಂಗಿದೆ, ಇನ್ನೊಂದು ತೆಗೀವಾ ಅಂದೆ. 'ತೊಳೆಯೋದು ನಿಮ್ಮ ಕೆಲಸ, ಓದೋದು ನನ್ನದು' ಅಂದ್ರಿ. ಮತ್ತೆ ನಾನು ಸುಮ್ಮನಾದೆ."

ನನಗೆ ಅದು ನೆನಪಿಲ್ಲ. ಇವತ್ತಿಗೂ ಇಲ್ಲ. ಎಷ್ಟು ಕೆದಕಿದರೂ ಆ ದಿನದ ಕತ್ತಲೆ ಕೋಣೆಯ ಬಾಗಿಲಲ್ಲಿ ಶೇಷಪ್ಪ ನಿಂತದ್ದು ಬರುವುದಿಲ್ಲ. ಆದರೆ ಆ ವಾಕ್ಯ ನನ್ನದೇ. ಆ ಧಾಟಿ ನನ್ನದೇ. ಬೇರೆಯವರು ಕಟ್ಟಿ ಹೇಳಲು ಬರುವಂಥದ್ದಲ್ಲ.

ಗಿರಿಜಮ್ಮ ನೆಲ ಒರೆಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಬಟ್ಟೆ ಹಿಂಡಿ ಹೇಳಿದಳು: "ಆ ಹುಡುಗಿಯನ್ನ ಅಡುಗೆಯಿಂದ ಬಿಡಿಸಿದ್ರಂತೆ. ಅವಳು ಮಾಡಿದ್ದು ಮಕ್ಕಳಿಗೆ ಕೊಡ್ಬೇಡಿ ಅಂತ ತಾಯಂದಿರು ಹಟ ಹಿಡಿದ್ರಂತೆ. ಫಿಲ್ಮ್ ತೆಗ್ಸೋಕೆ ಬಂದಾಗ ಅವಳೇ ಹೇಳಿದ್ಲು. ಶಾಲೆ ತೆರೆಯುವಾಗ ಬೇರೆಯವ್ರನ್ನ ಖಾಯಂ ಮಾಡ್ತಾರೆ."

ಶಾಲೆ ತೆರೆಯಲು ಹತ್ತೋ ಹನ್ನೆರಡೋ ದಿನ ಇತ್ತು. ನಾನು ಫಿಲ್ಮನ್ನು ಮತ್ತೆ ಕವರಿಗೆ ಹಾಕಿದ್ದು ಕಂಡು ಶೇಷಪ್ಪ ಕೇಳಿದರು. "ಹೋಗಿ ಹೇಳಿದ್ರೆ ಇನ್ನು ನಮ್ಮ ಫಿಲ್ಮನ್ನ ಯಾರು ನಂಬ್ತಾರೆ ಅಂತ ಯೋಚನೆಯಾ?"

"ಹೌದು."

"ಹೇಳದಿದ್ರೆ ನಾನು ನಂಬಲ್ಲ."

ಇಬ್ಬರೂ ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಕೆರೆಕಟ್ಟೆಗೆ ಹೋದೆವು. ಲಲಿತಾ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ನಾನು ದಾರಿಯಲ್ಲಿ ಜೋಡಿಸಿಕೊಂಡ ಮಾತು ಅರ್ಧ ಮರೆತುಹೋಯಿತು. ನಿನಗೆ ಟಿ.ಬಿ. ಇರಲೇ ಇಲ್ಲ, ಕಂಡದ್ದು ನಿನ್ನ ಜಡೆ, ತಪ್ಪು ನನ್ನದು ಎಂದೆ.

ಅವಳು ಒಂದು ಹಪ್ಪಳ ಮಗುಚಿದಳು. ಇನ್ನೊಂದು ಮಗುಚಿದಳು.

"ಹಂಗಾದ್ರೆ ಆ ಮಾತ್ರೆ?"

"ಬೇಕಿರಲಿಲ್ಲ."

"ಉಚ್ಚೆ ಕೆಂಪಗೆ ಹೋಗ್ತಿತ್ತು. ರೋಗ ಹೋಗ್ತಾ ಇದೆ ಅಂತ ನಾನೂ ಅಮ್ಮನೂ ಖುಷಿಪಟ್ಟಿದ್ದೇ ಪಟ್ಟಿದ್ದು."

ಅದು ಮಾತ್ರೆಯ ಬಣ್ಣ ಎಂದು ನಾನು ಹೇಳಲಿಲ್ಲ. ಅವಳಿಗೆ ಅರ್ಥವಾಗಿತ್ತು. ಚಾಪೆಯ ಅಂಚು ಸರಿಮಾಡುತ್ತ ಕೇಳಿದಳು. "ಕೆಮ್ಮು ಮತ್ತೆ?"

"ಒಲೆಯ ಹೊಗೆ ಇರಬಹುದು. ಮಳೆಗಾಲದ ಕೆಮ್ಮೇ ಇರಬಹುದು. ಗೊತ್ತಿಲ್ಲ."

"ಈಗ 'ಗೊತ್ತಿಲ್ಲ' ಅಂತೀರಿ." ಅವಳು ಎದ್ದು ಕೈ ಒರೆಸಿಕೊಂಡಳು. "ನನಗೆ ಹೇಳಿ ಎಂತ ಆಗೋದಿದೆ ಡಾಕ್ಟ್ರಮ್ಮ? ಶಾಲೆಯವರಿಗೆ ಹೇಳಿ."

"ನೀನು ಬೇಡ ಅಂದ್ರೆ ಯಾರ ಹತ್ರಾನೂ ಬಾಯಿ ಬಿಡಲ್ಲ."

"ಬೇಕು ಅಂತಲೇ ಹೇಳ್ತಿರೋದು. ಅವತ್ತು ಕಾರಿಡಾರಲ್ಲಿ ಹೇಳಿದ್ರಲ್ಲ, ಅಷ್ಟೇ ಗಟ್ಟಿಯಾಗಿ ಹೇಳಿ."

ಶಾಲೆ ತೆರೆಯುವ ಮೊದಲು, ಒಂದು ಶನಿವಾರ, ಪೋಷಕರ ಸಭೆ ಇತ್ತು. ಹೆಡ್‌ಮಿಸ್ಸು ಮಾತಿಗೆ ಅವಕಾಶ ಕೊಟ್ಟರು. ಇಪ್ಪತ್ತು ಜನ ತಾಯಂದಿರು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದರು. ಲೈಟಿನ ಪೆಟ್ಟಿಗೆ ಇಲ್ಲ. ಶೇಷಪ್ಪ ಎರಡು ಫಿಲ್ಮುಗಳನ್ನು ಕಿಟಕಿಗೆ ಹಿಡಿದು ನಿಂತರು. ಇದು ಮೂಳೆ, ಇದು ಗಾಳಿ, ಇದು ಜಡೆ ಎಂದು ತೋರಿಸಿದೆ. ಜಡೆಯ ಹೆಣಿಗೆ ತೋರಿಸಿದಾಗ ಮುಂದಿನ ಸಾಲಿನವರು ಬಗ್ಗಿ ನೋಡಿದರು, ಒಬ್ಬಿಬ್ಬರ ಕೈ ತಮ್ಮ ಜಡೆಗೆ ಹೋಯಿತು. ಗೆದ್ದೆ ಎಂದುಕೊಂಡೆ.

ಎರಡನೆಯ ಸಾಲಿನಿಂದ ಸರೋಜಮ್ಮ ಎಂಬವರು ಎದ್ದರು. ಅಡುಗೆ ನಿಲ್ಲಿಸಲು ಮೊದಲು ದನಿ ಎತ್ತಿದವರು ಅವರೇ. ಮಗಳು ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. "ಅವತ್ತು ಇದೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ಎರಡೂ ಹೇಳಿದ್ದು ನೀವೇ. ಯಾವುದನ್ನ ನಂಬೋದು? ಊಟ ಮಾಡೋದು ನಮ್ಮ ಮಕ್ಕಳು."

ನಾನು ಇದಕ್ಕೆ ಕೊಟ್ಟ ಉತ್ತರ ಮೊದಲ ಪ್ರತಿಯಲ್ಲಿ ಒಂದು ಪುಟ ಇದೆ. ವಿಜ್ಞಾನ ಎಂದರೆ ತಪ್ಪು ತಿದ್ದಿಕೊಳ್ಳುವುದು ಎಂದೆಲ್ಲ. ಅದನ್ನು ನಾನು ಅಲ್ಲಿ ಹೇಳಲಿಲ್ಲ. ಆಮೇಲೆ ಹೊಳೆದದ್ದು. ಆ ಹೆಂಗಸು ಕೇಳಿದ್ದು ನ್ಯಾಯವಾಗಿತ್ತು, ನನ್ನ ಮಾತಿಗೆ ಆ ಕೋಣೆಯಲ್ಲಿ ತೂಕ ಉಳಿದಿರಲಿಲ್ಲ. ಶೇಷಪ್ಪ ಕಿಟಕಿ ಬಿಟ್ಟು ಕದಲಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಲಲಿತಾ ಮುಂದೆ ಬಂದಳು.

"ಸರೋಜಕ್ಕ, ಇತ್ತು ಅಂತಲೇ ಇಟ್ಕೋ. ಆರು ತಿಂಗಳು ಒಂದು ದಿನ ಬಿಡದೆ ಮಾತ್ರೆ ನುಂಗಿದೀನಿ, ಹೋಯ್ತು. ಇರ್ಲಿಲ್ಲ ಅಂತ ಇಟ್ಕೋ, ಇರ್ಲೇ ಇಲ್ಲ. ಯಾವ ದಾರೀಲಿ ಬಂದ್ರೂ ಈಗ ನನ್ನ ಹತ್ರ ಇಲ್ಲ. ನೀನು ಎದೆ ಫಿಲ್ಮ್ ತೆಗ್ಸಿದೀಯಾ?"

"ನಾನೆಂತಕ್ಕೆ ತೆಗ್ಸಲಿ?"

"ಅದೇ. ನಿನ್ನೊಳಗೆ ಎಂತ ಇದೆ ಅಂತ ಯಾರಿಗೂ ಗೊತ್ತಿಲ್ಲ. ಈ ಕೋಣೇಲಿ ಏನೂ ಇಲ್ಲ ಅಂತ ಫಿಲ್ಮ್ ಇರೋದು ನನ್ನೊಬ್ಬಳದ್ದೇ. ಅಲ್ಲಿ ನೋಡು, ಕಿಟಕೀಲಿ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. "ಹೌದಲ್ಲ ಮಾರಾಯ್ತಿ," ಎಂದರು ಇನ್ನೊಬ್ಬರು. ಸರೋಜಮ್ಮ ನಗಲಿಲ್ಲ, ಆದರೆ ಕೂತರು.

ಲಲಿತಾ ನನ್ನ ಕಡೆ ತಿರುಗಿದಳು. "ಕಾಗದ ಕೊಡಿ."

"ಎಂಥ ಕಾಗದ?"

"ಟಿ.ಬಿ. ಅಂತ ಬರೆದು ಕೊಟ್ರಲ್ಲ, ಮೇಲೆ ನಿಮ್ಮ ಹೆಸರು ಅಚ್ಚು ಹಾಕಿದ್ದು, ಅದರಲ್ಲೇ. ಅದು ಇಂಗ್ಲಿಷಲ್ಲಿತ್ತು. ಓದೋಕೆ ಬರದಿದ್ರೂ ಎಲ್ಲರಿಗೂ ಅರ್ಥ ಆಗಿತ್ತು. ಇದನ್ನ ಕನ್ನಡದಲ್ಲಿ ಬರೀರಿ, ಓದಿ ಅರ್ಥ ಆಗ್ಲಿ."

ಮಕ್ಕಳ ಬೆಂಚಿನಲ್ಲಿ ಕೂತು ಬರೆಯತೊಡಗಿದೆ. 'ಬಲ ಶ್ವಾಸಕೋಶದ ಊರ್ಧ್ವಭಾಗದಲ್ಲಿ ಈ ಹಿಂದೆ ಗುರುತಿಸಲಾಗಿದ್ದ' ಎಂದು ಶುರು ಮಾಡಿ ಅವಳಿಗೆ ಓದಿ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಯಾರು ಗುರುತಿಸಿದ್ದು? ನೀವೇ ತಾನೆ? ಹಂಗೆ ಬರೀರಿ." ಕೊನೆಗೆ ಅವಳೇ ಹೇಳಿದಳು, ನಾನು ಬರೆದೆ: 'ಲಲಿತಾಳಿಗೆ ಟಿ.ಬಿ. ಇರಲಿಲ್ಲ. ಎಕ್ಸ್‌ರೇಯಲ್ಲಿ ಕಂಡದ್ದು ಒದ್ದೆ ಜಡೆ. ಅದನ್ನು ನಾನು ತಪ್ಪಾಗಿ ಓದಿದೆ. ಅವಳು ಅಡುಗೆ ಮಾಡಬಹುದು.' ಸಹಿ ಹಾಕಿದೆ. ಇಷ್ಟು ವರ್ಷಗಳಲ್ಲಿ ನಾನು ಬರೆದ ರಿಪೋರ್ಟುಗಳಲ್ಲಿ ನಾಲ್ಕು ವಾಕ್ಯದಲ್ಲಿ ಮುಗಿದದ್ದು, ಯಾರಿಗೂ ವಿವರಿಸಬೇಕಾಗದೆ ಇದ್ದದ್ದು ಅದೊಂದೇ.

ಈಗ ಹೊಸಬರು ನನಗೆ ಫೋನಿನಲ್ಲಿ ಚಿತ್ರ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಫಿಲ್ಮ್ ಇಲ್ಲ, ಒಣಗಿಸುವುದಿಲ್ಲ, ಬೇಕಾದಷ್ಟು ದೊಡ್ಡದು ಮಾಡಿ ನೋಡಬಹುದು. ತುಂಬ ಒಳ್ಳೆಯದಾಗಿದೆ, ನಾನು ಹಳೆಯದಕ್ಕಾಗಿ ಅಳುವವಳಲ್ಲ. ಆದರೆ ಜಡೆಗಳು ಈಗಲೂ ಜಾರುತ್ತವೆ. ಹೊರಗೆ ಹೋಗಿ ರೋಗಿಗಳನ್ನು ನೋಡಿ. ಮಾತಾಡುವಾಗ ಬಾಗಿಲು ಹಾಕಿ. ತೊಳೆಯುವವರು, ಒರೆಸುವವರು ಹೇಳಿದ್ದನ್ನು ಕೇಳಿ. ರಿಪೋರ್ಟಿನ ಕೆಳಗೆ ರೋಗಿಯ ಭಾಷೆಯಲ್ಲಿ ಒಂದು ಸಾಲು ಬರೆಯಿರಿ. ನಾನು ಆಮೇಲೆ ಕೊನೆಯವರೆಗೂ ಹಾಗೆ ಬರೆದೆ, ಬರೆಯುವಾಗ ಎಷ್ಟೋ ಸಲ ಮೇಲಿನ ಇಂಗ್ಲಿಷೇ ತಪ್ಪು ಎಂದು ಗೊತ್ತಾಗಿ ತಿದ್ದಿದೆ.

ಆ ಶನಿವಾರ ಕಾಗದ ಬೆಂಚಿನಿಂದ ಬೆಂಚಿಗೆ ಹೋಯಿತು. ಸರೋಜಮ್ಮನ ಕೈಗೆ ಬಂದಾಗ ಅವರು ಎರಡು ಸಲ ಓದಿದರು, ಸಹಿಯ ಮೇಲೆ ಬೆರಳು ಆಡಿಸಿದರು, ಮಡಚಿ ಹೆಡ್‌ಮಿಸ್ಸಿಗೆ ಕೊಟ್ಟರು. ಹೆಡ್‌ಮಿಸ್ಸು ಅಡುಗೆ ಕೋಣೆಯ ಬೀಗದ ಕೈ ಮೇಜಿನ ಮೇಲೆ ಇಟ್ಟು ಎಲ್ಲರ ಮುಖ ನೋಡಿದರು. ಯಾರೂ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

"ಸೋಮವಾರ ಸಾರಿಗೆ ಎಂತ ಹಾಕ್ತೀಯ?" ಸರೋಜಮ್ಮ ಕೇಳಿದರು, ಗೋಡೆ ನೋಡುತ್ತ.

"ಸೌತೆಕಾಯಿ," ಎಂದಳು ಲಲಿತಾ.

"ನನ್ನ ಮಗಳು ಸೌತೆಕಾಯಿ ಮುಟ್ಟಲ್ಲ."

"ಹಂಗಾದ್ರೆ ಕುಂಬಳಕಾಯಿ ಕಳ್ಸು, ಹಾಕ್ತೀನಿ."

ಲಲಿತಾ ಬೀಗದ ಕೈ ತೆಗೆದುಕೊಂಡಳು. ಸೋಮವಾರ ನಾನು ಕೊಪ್ಪದಲ್ಲಿ ಕೆಲಸದಲ್ಲಿದ್ದಾಗ ಹೆಡ್‌ಮಿಸ್ಸಿನ ಫೋನು ಬಂತು. ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು.

"ಕುಂಬಳಕಾಯಿ ಬಂತು ಡಾಕ್ಟ್ರೆ," ಎಂದರು. "ಎರಡು."